ಎರಡನೇ ನಂಬರಿನ ಕೊಂಬಿನ ಬಸ್ಸು

ಅಕ್-ತೆರೆಕ್ ಊರಿನ ಡಿಪೋ ಅಂಗಳಕ್ಕೆ ಇನ್ನೂ ಬೆಳಕು ಇಳಿದಿಲ್ಲ. ಜೂರಾಕಾನ್ ಉಣ್ಣೆ ಬೂಟಿನ ಕಾಲನ್ನು ನೆಲಕ್ಕೆ ಬಡಿದು, ದಪ್ಪ ಕೈಗವಸು ತೊಟ್ಟು ಬಸ್ಸಿನ ಹಿಂದಕ್ಕೆ ಹೋಗುತ್ತಾರೆ. ಅಲ್ಲಿ ಎರಡು ಹಗ್ಗ ಇಳಿಬಿದ್ದಿವೆ. ಒಂದೊಂದನ್ನೇ ಎಳೆದು, ಬಸ್ಸಿನ ನೆತ್ತಿಯ ಮೇಲೆ ಮಲಗಿರುವ, ಕೊಂಬಿನಂಥ ಉದ್ದನೆಯ ಕೋಲುಗಳನ್ನು ಎಬ್ಬಿಸಿ ಮೇಲಿನ ಕರೆಂಟು ತಂತಿಗೆ ತಾಗಿಸುತ್ತಾರೆ. ರಾತ್ರಿ ಬಿದ್ದ ಇಬ್ಬನಿ ತಂತಿಯ ಮೇಲೆ ಹೆಪ್ಪುಗಟ್ಟಿದೆ. ಕೋಲು ತಾಗಿದ್ದೇ ತಡ, ಚಟಚಟನೆ ನೀಲಿ ಕಿಡಿ ಸಿಡಿದು ಅಂಗಳದಂಚಿನ ಬೋಳು ಪಾಪ್ಲರ್ ಮರಗಳೆಲ್ಲ ಒಮ್ಮೆ ಕಂಡು ಮರೆಯಾಗುತ್ತವೆ. ಬಸ್ಸಿನ ಹೊಟ್ಟೆಯೊಳಗೆ ಗುಂಯ್ ಎಂಬ ಸದ್ದು ಏಳುತ್ತದೆ.

"ಎದ್ದಳು ಮಹಾರಾಣಿ. ಚಳಿಗಾಲದಲ್ಲಿ ಇವಳಿಗೆ ಹಾಸಿಗೆ ಬಿಡೋಕೆ ಮನಸ್ಸಿಲ್ಲ," ಎನ್ನುತ್ತಾ ಜೂರಾಕಾನ್ ಚಾಲಕರ ಸೀಟು ಹತ್ತುತ್ತಾರೆ. ಐವತ್ತು ದಾಟಿದ ಹೆಂಗಸು. ಗಟ್ಟಿ ಮೈಕಟ್ಟು, ಹೂವಿನ ತಲೆವಸ್ತ್ರ, ಮುಂದಿನ ಎರಡು ಹಲ್ಲಿಗೆ ಚಿನ್ನದ ಕವಚ. ಇವರ ಬಗ್ಗೆ ಬರೆಯಲು ಬಂದ ನಾನು ಹಿಂದಿನ ಸೀಟಿನಲ್ಲಿ ಕೂತಿದ್ದೇನೆ. ಕನ್ನಡಿಯ ಪಕ್ಕ ಉಣ್ಣೆಯಲ್ಲಿ ಹೆಣೆದ ಒಂದು ಪುಟ್ಟ ಚೀಲ ತೂಗುತ್ತಿದೆ. ಫೋನನ್ನು ಅದರಲ್ಲಿ ಇಳಿಬಿಟ್ಟು ಒಂದು ಕರೆ ಮಾಡುತ್ತಾರೆ. ಅತ್ತಲಿಂದ ಗಂಡಸೊಬ್ಬರ ಕೆಮ್ಮು ಕೇಳಿಸುತ್ತದೆ.

"ಎದ್ರಾ?"

"ಎದ್ದೆ. ಚಹಾಕ್ಕೆ ನೀರಿಟ್ಟಿದ್ದೀನಿ. ನೀನು ಹೊರಡು."

ಮಾತು ಅಷ್ಟೇ. ಆದರೆ ಕರೆ ಕಡಿಯುವುದಿಲ್ಲ. ಬಸ್ಸು ಡಿಪೋ ಗೇಟು ದಾಟಿ, ಮುಚ್ಚಿಹೋದ ನೂಲಿನ ಗಿರಣಿಯ ಮುಂದೆ ಹಾದು, ಆಸ್ಪತ್ರೆ, ಬಜಾರು ಕಳೆದು ರೈಲು ನಿಲ್ದಾಣ ಮುಟ್ಟುವ ತನಕ ಫೋನು ಹಾಗೇ ತೆರೆದಿರುತ್ತದೆ. ಅತ್ತ ಇರುವವರು ಜೂರಾಕಾನ್ ಅವರ ಗಂಡ ತೋಕ್ತೊಸುನ್. ಹೊರದೇಶದಲ್ಲಿ, ವೋಲ್ಗಾ ನದಿಯ ದಂಡೆಯ ಒಂದು ದೊಡ್ಡ ನಗರದಲ್ಲಿ ಬಸ್ಸು ಓಡಿಸುತ್ತಾರೆ. ಅಲ್ಲಿ ಆಗ ಇನ್ನೂ ಗಾಢ ಕತ್ತಲು. ಮೊದಲ ಪಾಳಿಗೆ ಎದ್ದು, ಹಾಸ್ಟೆಲ್ಲಿನ ಅಡುಗೆಕೋಣೆಯಲ್ಲಿ ಒಬ್ಬರೇ ಚಹಾ ಕುಡಿಯುತ್ತಾ ತಮ್ಮೂರಿನ ಮೊದಲ ಟ್ರಿಪ್ಪನ್ನು ಕಿವಿಯಲ್ಲೇ ಪ್ರಯಾಣ ಮಾಡುತ್ತಾರೆ. ವರ್ಷಗಳಿಂದ ಇದು ನಡೆದಿದೆ. ಎರಡನೇ ನಂಬರಿನ ಬೆಳಗಿನ ಪ್ರಯಾಣಿಕರಿಗೆಲ್ಲ ಇದು ಗೊತ್ತು. ಯಾರಿಗೂ ಇದು ವಿಚಿತ್ರ ಅನ್ನಿಸುವುದಿಲ್ಲ.

ಗಿರಣಿ ಗೇಟಿನಲ್ಲಿ ಹಕೀಮ್‌ಜಾನ್ ಹತ್ತುತ್ತಾರೆ. ತಂದೂರಿನಿಂದ ಆಗಷ್ಟೇ ತೆಗೆದ ರೊಟ್ಟಿಯ ಬುಟ್ಟಿಗಳನ್ನು ಬಜಾರಿಗೆ ಒಯ್ಯುವ ಉಜ್ಬೆಕ್ ವ್ಯಾಪಾರಿ. ಬುಟ್ಟಿ ಇಳಿಸಿ ನೇರವಾಗಿ ಫೋನಿನ ಚೀಲದ ಹತ್ತಿರ ಮುಖ ತರುತ್ತಾರೆ.

"ತೋಕ್ತೊಸುನ್, ವಾಸನೆ ಬಂತೇನಯ್ಯಾ?"

"ಬಂತು ಬಂತು, ಹಕೀಮಣ್ಣ. ಇವತ್ತು ಎಳ್ಳು ಜಾಸ್ತಿ ಉದುರಿಸಿದ್ದೀಯ."

"ಸುಳ್ಳಾ. ಇವತ್ತು ಎಳ್ಳೇ ಹಾಕಿಲ್ಲ, ಮುಗಿದುಹೋಗಿದೆ."

ಇಡೀ ಬಸ್ಸು ನಗುತ್ತದೆ. ಟಿಕೆಟ್ ಹರಿಯುವ ಸಾಪಿಯಾ ಹಿಂದಿನಿಂದಲೇ ಕೂಗುತ್ತಾರೆ. "ಭಾವ, ಹೆಸರು ನೋಡಿದ್ರೆ 'ನಿಲ್ಲಲಿ' ಅಂತ. ಅಷ್ಟು ದೂರ ಓಡಿಹೋದೋರು ನೀವೊಬ್ರೇ." ತೋಕ್ತೊಸುನ್ ಹೆಸರಿನ ಅರ್ಥವೇ ಅದು. ಮುಂಚೆ ಹುಟ್ಟಿದ ಮಕ್ಕಳು ಉಳಿಯದೇ ಹೋದದ್ದಕ್ಕೆ, ಇವನಾದರೂ ನಿಲ್ಲಲಿ ಎಂದು ಹೆತ್ತವರು ಇಟ್ಟ ಹೆಸರು. ಸಾಪಿಯಾ ಜೂರಾಕಾನ್ ಅವರನ್ನು ಅಕ್ಕ ಎಂದು ಕರೆಯುವವರು. ಹಾಗಾಗಿ ಅಕ್ಕನ ಗಂಡನನ್ನು ಛೇಡಿಸುವುದು ಅವರ ಹಕ್ಕು.

ಸಾಪಿಯಾ ಈಗ ಕೂರುವ ಸೀಟಿನಲ್ಲಿ ಒಂದು ಕಾಲಕ್ಕೆ ಜೂರಾಕಾನ್ ಕೂರುತ್ತಿದ್ದರು. ಸ್ಟಿಯರಿಂಗ್ ಹಿಡಿದಿದ್ದವರು ತೋಕ್ತೊಸುನ್. ಊರಿನ ಗಿರಣಿ ನಡೆಯುತ್ತಿದ್ದ ದಿನಗಳವು. ಕೊಂಬಿನ ಬಸ್ಸುಗಳು ಊರಿನ ನಾಲ್ಕೂ ದಿಕ್ಕಿಗೆ ಓಡುತ್ತಿದ್ದವು. ಪಾಳಿ ಬಿಟ್ಟಾಗ ನೂಲು ತೆಗೆಯುವ ಹೆಂಗಸರು ಬಾಗಿಲಿಗೆ ಜೋತುಬೀಳುತ್ತಿದ್ದರು. ಆಗ ಚಾಲಕರಿಗೆ ಊರಿನಲ್ಲಿ ಮದುಮಗನ ಮರ್ಯಾದೆ.

"ಅವರು ಬಾಯಿಬಿಟ್ಟು ಮಾತಾಡೋರಲ್ಲ," ಎನ್ನುತ್ತಾರೆ ಜೂರಾಕಾನ್. "ನನ್ನ ಹತ್ರ ಏನೋ ಹೇಳ್ಬೇಕು ಅಂದ್ರೆ ಬ್ರೇಕಲ್ಲೇ ಹೇಳೋರು. ಬಾಕಿ ಕಂಡಕ್ಟ್ರು ನಿಂತಿದ್ರೆ ಬಸ್ಸು ಗಕ್ ಅಂತ ನಿಲ್ಲೋದು. ನಾನು ನಿಂತಿದ್ರೆ ತೊಟ್ಟಿಲ ಹಾಗೆ ನಿಲ್ಲೋದು. ಗಿರಣಿ ಹೆಂಗಸರು ಅದನ್ನ ನನಗಿಂತ ಮುಂಚೆ ಕಂಡುಹಿಡಿದ್ರು."

ಮದುವೆಯಾಯಿತು. ಮಗಳು ಹುಟ್ಟಿದಳು; ಅವಳೀಗ ರಾಜಧಾನಿಯಲ್ಲಿ ಗಂಡನ ಮನೆಯಲ್ಲಿದ್ದಾಳೆ. ಬಿಡುವಿನ ಮಧ್ಯಾಹ್ನಗಳಲ್ಲಿ ಡಿಪೋ ಅಂಗಳದಲ್ಲೇ ತೋಕ್ತೊಸುನ್ ಹೆಂಡತಿಗೆ ಬಸ್ಸು ಕಲಿಸಿದರು. ಬೈಯದೇ ಕಲಿಸಿದ ಗಂಡ ಇಡೀ ಜಿಲ್ಲೆಗೆ ತನ್ನ ಗಂಡನೊಬ್ಬನೇ ಎಂದು ಜೂರಾಕಾನ್ ಈಗಲೂ ಹೇಳಿಕೊಳ್ಳುತ್ತಾರೆ.

ಆಮೇಲೆ ಗಿರಣಿ ಮುಚ್ಚಿತು. ಹೊರದೇಶದ ಹಳೇ ವ್ಯಾನುಗಳು ಬಂದವು. ಅವಕ್ಕೆ ತಂತಿ ಬೇಡ, ವೇಳೆ ಬೇಡ, ಟಿಕೆಟ್ ಬೇಡ. ಕೈ ತೋರಿಸಿದಲ್ಲಿ ನಿಲ್ಲುತ್ತವೆ, ಮುದುಕರು ಕೈ ತೋರಿಸಿದರೆ ಮಾತ್ರ ಕಾಣದವರಂತೆ ಹೋಗುತ್ತವೆ. ಒಂದೊಂದೇ ದಾರಿಯ ತಂತಿ ಇಳಿಯುತ್ತಾ ಕೊನೆಗೆ ಎರಡನೇ ನಂಬರೊಂದೇ ಉಳಿಯಿತು. ಡಿಪೋದವರು ಆಗ ಒಂದು ಮಾತು ಹೇಳಿದರು: ಒಂದೇ ಮನೆಯವರು ಇಬ್ಬರಿದ್ದರೆ ಒಬ್ಬರಿಗಷ್ಟೇ ಕೆಲಸ.

ಆ ಸಂಜೆ ಮನೆಯಲ್ಲಿ ಏನು ನಡೆಯಿತು ಎಂದು ಕೇಳಿದರೆ ಜೂರಾಕಾನ್ ರಸ್ತೆಯ ಮೇಲಿನ ಕಣ್ಣು ತೆಗೆಯದೆ ಹೇಳುತ್ತಾರೆ.

"ಜಗಳ ಏನೂ ಆಗ್ಲಿಲ್ಲ. ಅವರು ಬೂಟಿಗೆ ಎಣ್ಣೆ ಹಚ್ತಾ ಕೂತಿದ್ರು. 'ನೀನೇ ಓಡಿಸು. ಹೊರಗಡೆ ನನಗೆ ಕೆಲಸ ಸಿಗುತ್ತೆ, ನಿನಗೆ ಕೊಡಲ್ಲ' ಅಂದ್ರು. ನಾನು ಅಳ್ಬಾರ್ದು ಅಂತ ಒಲೆ ಊದೋಕೆ ಹೋದೆ. ಒಲೆ ಆಗಲೇ ಉರೀತಿತ್ತು."

ಹೀಗೆ ಗಂಡ ಬಿಟ್ಟುಹೋದ ಸೀಟಿನಲ್ಲಿ ಹೆಂಡತಿ ಕೂತರು. ಬಸ್ಸೂ ಅದೇ, ದಾರಿಯೂ ಅದೇ. ಆಸ್ಪತ್ರೆಯ ಏರಿನಲ್ಲಿ ಹಿಂದಿನಿಂದ ವ್ಯಾನಿನ ಹುಡುಗರು ಹಾರ್ನು ಹೊಡೆದು, "ಅಕ್ಕಾ, ಹಸೂನ ಪಕ್ಕಕ್ಕೆ ಹೊಡೀ," ಎಂದು ಕೂಗುತ್ತಾರೆ. "ಈ ಹಸುಗೆ ಕೊಂಬಿದೆ, ಹುಷಾರು," ಎಂದು ಇವರು ಕಿಟಕಿಯಿಂದ ಉತ್ತರ ಕೊಡುತ್ತಾರೆ. ದಿನಕ್ಕೆ ಎಂಟೊಂಬತ್ತು ಸುತ್ತು. ಚಳಿಗಾಲದಲ್ಲಿ ಬೆರಳು ಮರಗಟ್ಟುತ್ತವೆ, ಬೇಸಿಗೆಯಲ್ಲಿ ಸೀಟು ಕಾದ ಬಾಣಲೆ. ಬಿರುಗಾಳಿ ಬಂದರೆ ಕೋಲು ತಂತಿ ಬಿಟ್ಟು ಹಾರುತ್ತದೆ. ಇಳಿದು, ಹಗ್ಗ ಹಿಡಿದು, ಆಕಾಶ ನೋಡುತ್ತಾ ಮತ್ತೆ ಸೇರಿಸಬೇಕು. ಒಮ್ಮೆ ಕರೆಂಟು ಹೋದರೆ ಬಸ್ಸು ಇದ್ದಲ್ಲೇ ಮನೆ. ಪ್ರಯಾಣಿಕರು ಇಳಿದು ಹೋಗುವುದಿಲ್ಲ. ಯಾರೋ ಒಣಮೊಸರಿನ ಉಂಡೆ ಹಂಚುತ್ತಾರೆ, ಇನ್ಯಾರೋ ಮಗಳ ಮದುವೆಯ ಮಾತು ತೆಗೆಯುತ್ತಾರೆ.

ಆ ಮಾತುಗಳೇ ತೋಕ್ತೊಸುನ್‌ಗೆ ಬೇಕಾದದ್ದು. ಟ್ರಿಪ್ಪಿನ ನಡುವೆ ಜೂರಾಕಾನ್ ಫೋನಿನ ಚೀಲವನ್ನು ನನ್ನ ಕಡೆಗೆ ತಿರುಗಿಸುತ್ತಾರೆ. ನಿಮ್ಮ ಅಲ್ಲಿನ ಬಸ್ಸು ಹೇಗಿದೆ ಎಂದು ಅವರನ್ನು ಕೇಳುತ್ತೇನೆ.

"ಒಳ್ಳೇ ಬಸ್ಸು, ದೂರೋ ಹಾಗಿಲ್ಲ," ಎನ್ನುತ್ತಾರೆ ತೋಕ್ತೊಸುನ್. ತಗ್ಗಿದ ದನಿ. ಪಕ್ಕದ ಕೋಣೆಯವರು ಮಲಗಿದ್ದಾರಂತೆ. "ಬ್ಯಾಟರೀಲಿ ಓಡುತ್ತೆ. ಬೆಚ್ಚಗಿರುತ್ತೆ, ಬೆನ್ನು ನೋಯಲ್ಲ. ಸದ್ದೇ ಇಲ್ಲ. ನನ್ನ ಸುತ್ತ ಗಾಜು ಹಾಕಿದ್ದಾರೆ. ಜನ ಹಿಂದಿನ ಬಾಗಿಲಲ್ಲಿ ಹತ್ತಿ ಹಿಂದಿನ ಬಾಗಿಲಲ್ಲೇ ಇಳೀತಾರೆ. ಎದುರಿಗೆ ಒಂದು ಕ್ಯಾಮೆರಾ ಇದೆ, ನನ್ನ ಕಣ್ಣನ್ನೇ ನೋಡ್ತಿರುತ್ತೆ. ಆಕಳಿಸಿದ್ರೆ ಗಂಟೆ ಹೊಡೆಯುತ್ತೆ. ದಿನಾ ನನ್ನ ಮುಖ ನೋಡೋದು ಅಂದ್ರೆ ಅದೊಂದೇ."

ಮಾತಿನ ನಡುವೆಯೇ ಕಿವಿಗೊಟ್ಟು ಕೇಳುತ್ತಾರೆ: "ಈಗ ನೀವು ಆಸ್ಪತ್ರೆ ಏರು ಹತ್ತಿದ್ರಿ ಅಲ್ವಾ? ಮೋಟ್ರು ನರಳ್ತಿದೆ."

ನಾವು ಹತ್ತಿದ್ದೆವು.

ಕಳೆದ ವರ್ಷ ಊರಿಗೆ ಹೊಸ ಸುದ್ದಿ ಬಂತು. ಉಳಿದ ತಂತಿಯನ್ನೂ ಇಳಿಸಿ, ಬ್ಯಾಟರಿ ಬಸ್ಸು ತರುತ್ತಾರಂತೆ. ಅದನ್ನು ಕೇಳಿದ ಮೇಲೆ ಜೂರಾಕಾನ್ ಒಂದು ನಿರ್ಧಾರಕ್ಕೆ ಬಂದರು. ತಂತಿ ಇರುವಷ್ಟು ದಿನವಾದರೂ ಸೀಟು ಅದರ ಯಜಮಾನನಿಗೆ ಹೋಗಲಿ. ತಾನು ಮತ್ತೆ ಟಿಕೆಟ್ ಹರಿಯುತ್ತೇನೆ. ಡಿಪೋದ ಮುಖ್ಯಸ್ಥ ಬೋಲೊತ್ ಅವರ ಹತ್ತಿರ ಹೋಗಿ ಕೇಳಿಕೊಂಡರು. ಸಾಪಿಯಾ, "ನಾನು ಎರಡನೇ ಪಾಳಿ ನೋಡ್ಕೋತೀನಿ, ಭಾವ ಬರ್ಲಿ," ಎಂದರು. ಬೋಲೊತ್ ತಲೆ ಕೆರೆದು ಒಪ್ಪಿದರು. ಮೊದಲು ಒಂದು ಟ್ರಿಪ್ಪು ಓಡಿಸಿ ತೋರಿಸಲಿ, ಆಮೇಲೆ ನೋಡೋಣ.

ಆಗಸ್ಟಿನಲ್ಲಿ, ಆರು ವರ್ಷದ ಮೇಲೆ, ತೋಕ್ತೊಸುನ್ ರಜೆಯಲ್ಲಿ ಬಂದರು. ತಲೆ ನರೆತಿತ್ತು. ಮೊದಲೆರಡು ದಿನ ಪ್ರಯಾಣಿಕರ ಸೀಟಿನಲ್ಲೇ ಕೂತು ಸುತ್ತಿದರು. ಎಲ್ಲರೂ ಕೈ ಕುಲುಕಿದರು. ಫೋನಿನಲ್ಲಿ ದಿನಾ ಕೀಟಲೆ ಮಾಡುತ್ತಿದ್ದವರು ಎದುರಿಗೆ ಕಂಡಾಗ ಏನು ಮಾತಾಡಬೇಕೆಂದು ತಿಳಿಯದೆ ಹವಾಮಾನ ಮಾತಾಡಿದರು. ಹಕೀಮ್‌ಜಾನ್ ಮಾತ್ರ ಒಂದು ಬಿಸಿ ರೊಟ್ಟಿ ಮೂಗಿಗೆ ಹಿಡಿದು, "ಈಗ ಹೇಳು, ಎಳ್ಳಿದೆಯಾ ಇಲ್ವಾ?" ಎಂದರು.

ಮೂರನೇ ದಿನ ಅವರು ಸ್ಟಿಯರಿಂಗ್ ಹಿಡಿದರು. ಜೂರಾಕಾನ್ ಟಿಕೆಟ್ಟಿನ ಚೀಲ ಹೆಗಲಿಗೆ ಹಾಕಿಕೊಂಡು ತಮ್ಮ ಹಳೇ ಜಾಗದಲ್ಲಿ ನಿಂತರು. ಹೊಸ ಅಂಗಿ ತೊಟ್ಟಿದ್ದರು ಎಂದು ಸಾಪಿಯಾ ನೆನೆಯುತ್ತಾರೆ. ಗಿರಣಿ ದಾಟಿತು, ಆಸ್ಪತ್ರೆ ದಾಟಿತು. ಬಜಾರಿನ ಕೂಡುರಸ್ತೆಯಲ್ಲಿ, ಹಳೇ ದಾರಿಯ ತುಂಡೊಂದು ಉಳಿದಿರುವುದರಿಂದ, ತಂತಿ ಇನ್ನೂ ಕವಲೊಡೆಯುತ್ತದೆ. ಅಲ್ಲಿ ಪೆಡಲಿನಿಂದ ಕಾಲು ತೆಗೆದು, ಬಸ್ಸು ತನ್ನಷ್ಟಕ್ಕೆ ಉರುಳಿ ದಾಟುವಂತೆ ಬಿಡಬೇಕು. ತೋಕ್ತೊಸುನ್ ಕಾಲು ತೆಗೆಯಲಿಲ್ಲ. ಟಪ್ ಎಂದಿತು. ಎರಡೂ ಕೋಲು ತಂತಿ ಬಿಟ್ಟು ಮೇಲಕ್ಕೆ ಚಿಮ್ಮಿ, ಬಸ್ಸು ಬಜಾರಿನ ನಡುಮಧ್ಯೆ ಸತ್ತು ನಿಂತಿತು.

ಜನ ನಕ್ಕರು. ಕೆಟ್ಟ ನಗುವಲ್ಲ, ಮನೆಯವರ ನಗು. ವ್ಯಾನಿನವರು ಹಾರ್ನು ಒತ್ತಿದರು. ತೋಕ್ತೊಸುನ್ ಇಳಿದು ಹಿಂದಕ್ಕೆ ಹೋದರು. ಜೂರಾಕಾನ್ ಕೈಗವಸು ಹಿಡಿದು ಇಳಿದಾಗ, ಅವರು ಹಗ್ಗ ಹಿಡಿದು ಸುಮ್ಮನೆ ನಿಂತಿದ್ದರು. ಎಳೆಯುತ್ತಿರಲಿಲ್ಲ.

"ಕಾಲು ಮರೆತುಬಿಡ್ತು ಜೂರಾ," ಎಂದರು.

"ಎಲ್ಲರಿಗೂ ಆಗುತ್ತೆ ರೀ. ನನಗೂ ಹೋದ ವಾರ ಆಯ್ತು."

"ನಿನಗೆ ಆಗಿಲ್ಲ. ನಾನು ದಿನಾ ಕೇಳ್ತಿರ್ತೀನಿ."

ಇಬ್ಬರೂ ಒಂದೊಂದು ಹಗ್ಗ ಹಿಡಿದು ಕೋಲು ಸೇರಿಸಿದರು. ಅಲ್ಲಿಂದ ರೈಲು ನಿಲ್ದಾಣದವರೆಗೂ, ತಿರುಗಿ ಡಿಪೋದವರೆಗೂ ತೋಕ್ತೊಸುನ್ ಒಂದು ತಪ್ಪೂ ಮಾಡದೆ ಓಡಿಸಿದರು. ಬೋಲೊತ್, "ನಾಳೆಯಿಂದ ಬಾ," ಎಂದರು. ಅಷ್ಟಕ್ಕೇ ಎಲ್ಲ ಸರಿಹೋಗಬೇಕಿತ್ತು.

ಹೋಗಲಿಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ತೋಕ್ತೊಸುನ್ ಒಲ್ಲೆ ಎಂದರು. ಹೆಂಡತಿಯ ಸೀಟು ತೆಗೆದುಕೊಂಡು, ಅದೂ ಇನ್ನೊಂದು ಚಳಿಗಾಲಕ್ಕೆ ಮುಗಿಯುವ ಬಸ್ಸಿನಲ್ಲಿ, ಮುಂದೆ ಇಬ್ಬರೂ ಮನೆಯಲ್ಲಿ ಕೂರುವುದು ಬೇಡ ಎಂದರು. "ಬ್ಯಾಟರಿ ಬಸ್ಸು ಬರ್ಲಿ. ಅದನ್ನ ಓಡಿಸೋಕೆ ಇಡೀ ಊರಲ್ಲಿ ಬರೋದು ನನಗೊಬ್ಬನಿಗೇ. ಆಗ ಬರ್ತೀನಿ. ಇಬ್ಬರಿಗೂ ಸೀಟಿರುತ್ತೆ." ರಜೆ ಮುಗಿಸಿ ಅದೇ ರೈಲು ನಿಲ್ದಾಣದಿಂದ ಹೊರಟರು. ನಿಲ್ದಾಣದ ತನಕ ಬಿಟ್ಟವರು ಜೂರಾಕಾನ್. ಅವರದೇ ಪಾಳಿ, ಅವರದೇ ಟ್ರಿಪ್ಪು. ಇಳಿದು ನಿಂತು ಬೀಳ್ಕೊಡಲು ಆಗಲಿಲ್ಲ. ಹಿಂದಕ್ಕೆ ಹೋಗುವ ಪ್ರಯಾಣಿಕರು ಹತ್ತಿ ಕೂತಿದ್ದರು.

"ಕೋಪ ಬಂತಾ?" ಎಂದು ಕೇಳುತ್ತೇನೆ.

"ಬರ್ದೆ ಇರುತ್ತಾ? ಇನ್ನೂ ಇದೆ. ಬೆಳಿಗ್ಗೆ ಚಹಾ ಜೊತೆ ಒಂದು ಗುಟುಕು ಕುಡಿದ್ಬಿಡ್ತೀನಿ." ಚಿನ್ನದ ಹಲ್ಲು ಮಿಂಚುತ್ತದೆ. ಮರುಕ್ಷಣ ನಗು ಇಳಿಯುತ್ತದೆ. "ಅವರು ಹೇಳಿದ್ದು ಸುಳ್ಳಲ್ಲ. ಅದೇ ನನ್ನ ಕಷ್ಟ. ಈ ತಂತಿ ಹೋದ್ರೆ ಅವರು ಬರ್ತಾರೆ. ತಂತಿ ಇರ್ಲಿ ಅಂತ ಬೇಡ್ಕೊಳ್ಳೋಕೆ ಕೂತ್ರೆ, ಅವರು ಬರೋದು ಬೇಡ ಅಂತ ಬೇಡ್ಕೊಂಡ ಹಾಗಾಗುತ್ತೆ. ಅದಕ್ಕೆ ನಾನು ಏನೂ ಬೇಡ್ಕೊಳ್ಳೋದೇ ಬಿಟ್ಟಿದ್ದೀನಿ. ಸುಮ್ನೆ ಗಾಡಿ ಓಡಿಸ್ತೀನಿ."

ಅಕ್ಟೋಬರಿನಲ್ಲಿ ಪರೀಕ್ಷೆಗೆಂದು ಒಂದು ಬ್ಯಾಟರಿ ಬಸ್ಸು ಬಂದಿತ್ತು. ಬಿಳಿಯದು, ನುಣುಪು, ದೊಡ್ಡ ಸಾಬೂನಿನ ಹಾಗಿತ್ತು. ಈ ವಯಸ್ಸಿನಲ್ಲಿ ಇವರಿಗೆ ಆಗುವುದಿಲ್ಲ ಎಂದು ಡಿಪೋದಲ್ಲಿ ಕೆಲವರು ಗುಸುಗುಸು ಮಾಡಿದರು. ಜೂರಾಕಾನ್ ಎರಡೇ ದಿನದಲ್ಲಿ ಕಲಿತರು. "ಇದರಲ್ಲಿ ಕಲಿಯೋಕೆ ಏನಿದೆ? ಆಟದ ಸಾಮಾನು," ಎಂದು ತಳ್ಳಿಹಾಕುತ್ತಾರೆ. ಮೂರನೇ ಬೆಳಿಗ್ಗೆ ಎರಡನೇ ನಂಬರಿನ ದಾರಿಯಲ್ಲಿ ಅದನ್ನು ಓಡಿಸಲು ಅವರನ್ನೇ ಕೂರಿಸಿದರು. ಉಣ್ಣೆಯ ಚೀಲವನ್ನು ಅಲ್ಲೂ ತೂಗುಹಾಕಿದರು. ಫೋನು ಹಚ್ಚಿದರು.

ಚಾಲಕರ ಸುತ್ತ ಗಾಜಿನ ಗೋಡೆ. ಹಕೀಮ್‌ಜಾನ್ ಹತ್ತಿ, ಹೊರಗಿನಿಂದಲೇ ತುಟಿ ಅಲ್ಲಾಡಿಸಿದರು. ಏನೆಂದರೋ ಕೇಳಲಿಲ್ಲ. ಬಸ್ಸು ಹೊರಟದ್ದೇ ತಿಳಿಯಲಿಲ್ಲ. ನಿಲ್ದಾಣ ಬಂದಾಗ ಯಾವುದೋ ಹುಡುಗಿಯ ಮುದ್ರಿತ ದನಿ ಊರವರು ಎಂದೂ ಬಳಸದ ಹೊಸ ಹೆಸರುಗಳನ್ನು ಹೇಳಿತು. ಗಿರಣಿ ಗೇಟಿಗೆ ಒಂದು ದೊಡ್ಡ ಮನುಷ್ಯರ ಹೆಸರು, ಬಜಾರಿಗೆ ಇನ್ನೊಂದು.

ಅರ್ಧ ದಾರಿಯಲ್ಲಿ ಫೋನಿನಿಂದ ಪ್ರಶ್ನೆ ಬಂತು.

"ಜೂರಾ, ಹೊರಟ್ಯಾ?"

"ಹೊರಟು ಎಷ್ಟೊತ್ತಾಯ್ತು."

"ಈಗ ಎಲ್ಲಿದ್ದೀಯ?"

"ಬಜಾರ್ ಕೂಡುರಸ್ತೆ ದಾಟ್ತಿದ್ದೀನಿ."

"ಗೊತ್ತಾಗ್ಲಿಲ್ಲ," ಎಂದರು ತೋಕ್ತೊಸುನ್. "ಇಲ್ಲಿನ ನನ್ನ ಬಸ್ಸನ್ನೇ ಕೇಳಿಸ್ಕೊಂಡ ಹಾಗಾಯ್ತು."

ಆಗ ಜೂರಾಕಾನ್ ಒಂದು ಕೆಲಸ ಮಾಡಿದರು. ತರಬೇತಿ ಕೊಡುವವನು ಪಕ್ಕದಲ್ಲಿ ನಿಂತು ಬೇಡ ಬೇಡ ಎನ್ನುತ್ತಿದ್ದಂತೆ ಗಾಜಿನ ಬಾಗಿಲು ಅರ್ಧ ಸರಿಸಿ, ಕಂಡಕ್ಟರಾಗಿದ್ದಾಗ ಕೂಗುತ್ತಿದ್ದ ಗಂಟಲಿನಲ್ಲಿ ಮುಂದಿನ ನಿಲ್ದಾಣದ ಹೆಸರು ಕೂಗಿದರು. "ಹಳೇ ಚಹಾ ಅಂಗಡೀ... ಇಳಿಯೋರು ಇಳೀರಿ." ಹಿಂದಿನಿಂದ ಒಬ್ಬ ಅಜ್ಜಿ, "ಅಬ್ಬಾ, ಎಲ್ಲಿಗೆ ಬಂದ್ವೋ ಅಂದ್ಕೊಂಡಿದ್ದೆ," ಎಂದು ಎದ್ದರು. ಫೋನಿನಲ್ಲಿ ತೋಕ್ತೊಸುನ್ ನಕ್ಕದ್ದು ಕೇಳಿಸಿತು.

ಹೊಸ ಬಸ್ಸುಗಳು ವಸಂತದ ನೂರೂಜ್ ಹಬ್ಬ ಕಳೆದ ಮೇಲೆ ಬರುತ್ತವೆ. ಅಲ್ಲಿಯವರೆಗೆ ಕೊಂಬಿನ ಬಸ್ಸು ಓಡುತ್ತದೆ. ತೋಕ್ತೊಸುನ್ ಹಾಸ್ಟೆಲ್ಲಿನಲ್ಲಿ ಗಂಟು ಕಟ್ಟಲು ಶುರುಮಾಡಿದ್ದೇನೆ ಎನ್ನುತ್ತಾರೆ. ಬೋಲೊತ್ ಇಬ್ಬರನ್ನೂ ತೆಗೆದುಕೊಳ್ಳುವ ಮನಸ್ಸಿದೆ ಎನ್ನುತ್ತಾರೆ, ಆದರೆ ಮಾತು ಕೊಡುವುದಿಲ್ಲ. ಜೂರಾಕಾನ್ ನಂಬಿಯೂ ಇಲ್ಲ, ನಂಬದೆಯೂ ಇಲ್ಲ. ಹಿತ್ತಲ ಕೋಣೆಗೆ ಸುಣ್ಣ ಮಾತ್ರ ಬಳಿಸಿದ್ದಾರೆ.

ರೈಲು ನಿಲ್ದಾಣ ಬಂತು. ಬೆಳಕು ಪೂರ್ತಿ ಹರಿದಿದೆ. ಪ್ರಯಾಣಿಕರು ಇಳಿಯುತ್ತಾ ಫೋನಿನ ಕಡೆ ತಿರುಗಿ, "ಬರ್ತೀವಿ ತೋಕ್ತೊಸುನ್," ಎಂದು ಹೇಳಿ ಹೋಗುತ್ತಾರೆ. ಅತ್ತ ಅವರ ಪಾಳಿಯ ಹೊತ್ತಾಗಿದೆ. ಕರೆ ಕಡಿದ ಮೇಲೆ ಸಾಪಿಯಾ ಕೂಡ ಕೆಳಗಿಳಿಯುತ್ತಾರೆ, ಬಸ್ಸಿನಲ್ಲಿ ನಾವಿಬ್ಬರೇ ಉಳಿಯುತ್ತೇವೆ. ನಿಮಗಾಗಿ ಡಿಪೋದವರ ಹತ್ತಿರ ಏನಾದರೂ ಕೇಳಿದ್ದೀರಾ ಎನ್ನುತ್ತೇನೆ.

"ಒಂದೇ ಕೇಳಿದ್ದೀನಿ," ಎನ್ನುತ್ತಾರೆ ಜೂರಾಕಾನ್, ಥರ್ಮಾಸಿನ ಮುಚ್ಚಳಕ್ಕೆ ಚಹಾ ಬಗ್ಗಿಸುತ್ತಾ. "ಹೊಸ ಬಸ್ಸಲ್ಲಿ ಆ ಹುಡುಗಿ ದನಿ ತೆಗೆದುಬಿಡಿ, ನಿಲ್ದಾಣದ ಹೆಸರು ನಾನೇ ಹೇಳ್ತೀನಿ ಅಂತ. ಬೋಲೊತ್ ನಕ್ಕ. ಆ ಹುಡುಗಿ ತಪ್ಪು ಹೇಳ್ತಾಳೆ ಅಂತಲ್ಲ, ಪಾಪ, ಸ್ಪಷ್ಟವಾಗೇ ಹೇಳ್ತಾಳೆ. ಆದ್ರೆ ತಾನು ಯಾರಿಗೆ ಹೇಳ್ತಿದ್ದೀನಿ ಅಂತ ಅವಳಿಗೆ ಗೊತ್ತಿಲ್ಲ. ನನಗೆ ಗೊತ್ತು."